ಇಲಿಯ ಆಯುಷ್ಯ, ತಾತನ ಮಾತ್ರೆ

ಹೊಳೆನರಸೀಪುರ ತಾಲ್ಲೂಕಿನ ಹಳ್ಳಿಮೈಸೂರಿನಲ್ಲಿ ಒಂದು ಮನೆ ಎಂದಿಟ್ಟುಕೊಳ್ಳೋಣ. ಆ ಮನೆಯಲ್ಲಿ ಎಪ್ಪತ್ತು ದಾಟಿದ ತಾತ, ಹತ್ತನೆಯ ತರಗತಿಯ ಮೊಮ್ಮಗಳು. ತಾತನಿಗೆ ರಕ್ತದೊತ್ತಡವಿದೆ. ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ದಿನವೂ ಬೆಳಿಗ್ಗೆ ನುಂಗಬೇಕು. ಒಮ್ಮೆ ಪೇಟೆಯಿಂದ ಬಂದ ನೆಂಟರೊಬ್ಬರು ಒಂದು ಡಬ್ಬ ಪುಡಿ ಕೊಟ್ಟು ಹೋದರು. ‘ಪ್ರಯೋಗಶಾಲೆಯಲ್ಲಿ ಪ್ರಾಣಿಗಳ ಆಯುಷ್ಯ ಹೆಚ್ಚಿಸಿರುವುದು ಸಾಬೀತಾಗಿದೆ’ ಎಂದು ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಅಂದಿನಿಂದ ತಾತ ಹಾಲಿಗೆ ಆ ಪುಡಿ ಬೆರೆಸಿ ಕುಡಿಯತೊಡಗಿದರು. ಮಾತ್ರೆಗಳು ಗೋಡೆಯ ಗೂಡಿನಲ್ಲಿ ಹಾಗೆಯೇ ಉಳಿದವು.

“ತಾತ, ಮಾತ್ರೆ ತಗೊಂಡ್ರಾ?” ಎಂದು ಮೊಮ್ಮಗಳು ಕೇಳಿದಳು.

“ಇಲಿಗೇ ಆಯಸ್ಸು ಜಾಸ್ತಿ ಆಯ್ತಂತೆ ಕಣವ್ವ, ನಂಗಾಗಕಿಲ್ವಾ?” ಎಂದರು ತಾತ.

ತಾತನ ಪ್ರಶ್ನೆ ನಗುವಂಥದ್ದಲ್ಲ. ಇಲಿ, ನೊಣ, ಹುಳುಗಳ ಆಯುಷ್ಯವನ್ನು ವಿಜ್ಞಾನಿಗಳು ನಿಜವಾಗಿಯೂ ಹೆಚ್ಚಿಸಿದ್ದಾರೆ. ಹಾಗಾದರೆ ಅದು ಮನುಷ್ಯನಿಗೆ ಏಕೆ ಆಗದು? ಈ ಪ್ರಶ್ನೆಗೆ ಉತ್ತರ ಬೇಕಾದರೆ ಪ್ರಯೋಗಶಾಲೆಯ ಒಳಗೆ ಹೋಗಿ ನೋಡಬೇಕು. ಅದಕ್ಕೆ ಬಹಳ ದೂರ ಹೋಗಬೇಕಾಗಿಲ್ಲ. ಹಳ್ಳಿಮೈಸೂರಿನ ಮಕ್ಕಳು ಬಸ್ಸು ಹತ್ತಿ ಮೈಸೂರಿಗೆ ಹೋದರೆ ಸಾಕು.

ರವೆ ಬೆಲ್ಲದ ಊಟ

ಅಡುಗೆಮನೆಯಲ್ಲಿ ಕಳಿತ ಬಾಳೆಹಣ್ಣಿನ ಸುತ್ತ ಹಾರಾಡುವ ಸಣ್ಣ ನೊಣಗಳನ್ನು ಎಲ್ಲರೂ ನೋಡಿದ್ದೀರಿ. ಎಳ್ಳಿನ ಕಾಳಿಗಿಂತ ತುಸು ಚಿಕ್ಕ ದೇಹ, ಕೆಂಪು ಕಣ್ಣು. ಇದೇ ಹಣ್ಣುನೊಣ. ವಿಜ್ಞಾನಿಗಳು ಇದನ್ನು ಡ್ರೊಸೊಫಿಲ ಎನ್ನುತ್ತಾರೆ. ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಲ್ಲಿರುವ ಪ್ರಾಣಿಶಾಸ್ತ್ರ ವಿಭಾಗ ಈ ನೊಣಗಳ ಅಧ್ಯಯನಕ್ಕೆ ಹಿಂದಿನಿಂದಲೂ ಹೆಸರಾದದ್ದು. ಬಗೆಬಗೆಯ ತಳಿಗಳನ್ನು ಕಾಪಾಡಿಕೊಂಡು ಬರುವ ಸಂಗ್ರಹಕೇಂದ್ರವೂ ಅಲ್ಲಿದೆ. ಅಲ್ಲಿ ಈ ಅತಿಥಿಗಳಿಗೆ ಬಡಿಸುವ ಊಟವೇನು ಗೊತ್ತೆ? ರವೆ, ಬೆಲ್ಲ, ನೀರು, ಜೊತೆಗೆ ಗಟ್ಟಿಯಾಗಲೆಂದು ಕಡಲಪಾಚಿಯಿಂದ ತೆಗೆದ ಅಗರ್, ಬೂಷ್ಟು ಹಿಡಿಯದಂತೆ ಸ್ವಲ್ಪ ಪ್ರೊಪಿಯಾನಿಕ್ ಆಮ್ಲ. ತುಪ್ಪ, ದ್ರಾಕ್ಷಿ ಗೋಡಂಬಿ ಇಲ್ಲದ ಕೇಸರಿಬಾತು ಎನ್ನಬಹುದು!

ಆಯುಷ್ಯದ ಅಧ್ಯಯನಕ್ಕೆ ಈ ನೊಣವೇ ಏಕೆ? 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಮೊಟ್ಟೆ ಸುಮಾರು 10 ದಿನಗಳಲ್ಲಿ ರೆಕ್ಕೆಯ ನೊಣವಾಗುತ್ತದೆ. ಆಮೇಲೆ ಅದು ಬದುಕುವುದು ಹೆಚ್ಚುಕಡಿಮೆ ಎರಡು ತಿಂಗಳು. ಆನೆಯ ಮುಪ್ಪನ್ನು ಅಧ್ಯಯನ ಮಾಡಲು ಹೊರಟ ವಿಜ್ಞಾನಿ ಆನೆಗಿಂತ ಮೊದಲೇ ಮುದುಕನಾಗಿಬಿಡುತ್ತಾನೆ. ನೊಣದಲ್ಲಾದರೆ ಹುಟ್ಟು, ಯೌವನ, ಮುಪ್ಪು, ಸಾವು ಎಲ್ಲವನ್ನೂ ಒಂದೇ ಬೇಸಿಗೆ ರಜೆಯಲ್ಲಿ ನೋಡಿ ಮುಗಿಸಬಹುದು.

ಮುದಿ ನೊಣಗಳ ಮೊಟ್ಟೆ

1980ರ ದಶಕದ ಆರಂಭದಲ್ಲಿ ಮೈಕೇಲ್ ರೋಸ್ ಎಂಬ ವಿಜ್ಞಾನಿ ಒಂದು ಸರಳ ಉಪಾಯ ಮಾಡಿದರು. ಎಳೆಯ ನೊಣಗಳು ಇಟ್ಟ ಮೊಟ್ಟೆಗಳನ್ನು ಬಿಟ್ಟು, ವಯಸ್ಸಾದ ಮೇಲೂ ಬದುಕುಳಿದು ಮೊಟ್ಟೆಯಿಟ್ಟ ನೊಣಗಳ ಸಂತಾನವನ್ನು ಮಾತ್ರ ಮುಂದಿನ ತಲೆಮಾರಿಗೆ ಆರಿಸಿಕೊಂಡರು. ಆ ತಲೆಮಾರಿನಲ್ಲೂ ಹಾಗೆಯೇ ಆರಿಸಿದರು. ರೈತ ಒಳ್ಳೆಯ ತೆನೆಯನ್ನು ಆರಿಸಿ ಬಿತ್ತನೆಗೆ ಇಟ್ಟುಕೊಳ್ಳುವ ಹಾಗೆ. ಯಾವ ಔಷಧಿಯನ್ನೂ ಕೊಡಲಿಲ್ಲ. ತಲೆಮಾರುಗಳು ಕಳೆದಂತೆ ಈ ವಂಶದ ನೊಣಗಳು ಸಾಮಾನ್ಯ ನೊಣಗಳಿಗಿಂತ ಹೆಚ್ಚು ದಿನ ಬದುಕತೊಡಗಿದವು. 1984ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಆದರೆ ಅದರಲ್ಲಿ ಇನ್ನೊಂದು ಸಂಗತಿಯೂ ಇತ್ತು. ಈ ದೀರ್ಘಾಯುಷಿ ನೊಣಗಳು ಎಳೆ ವಯಸ್ಸಿನಲ್ಲಿ ಇಡುವ ಮೊಟ್ಟೆಗಳ ಸಂಖ್ಯೆ ಇಳಿದುಹೋಗಿತ್ತು.

ಈ ಕಥೆಯ ಮುಂದಿನ ಅಧ್ಯಾಯ ನಡೆದದ್ದು ಕರ್ನಾಟಕದಲ್ಲಿ. ಬೆಂಗಳೂರಿನ ಜಕ್ಕೂರಿನಲ್ಲಿ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವಿದೆ. 1989ರಲ್ಲಿ ಆರಂಭವಾದ ಈ ಸಂಸ್ಥೆಯಲ್ಲಿ ಅಮಿತಾಭ್ ಜೋಶಿ ಅವರು ಬೆಳೆಸಿದ ನೊಣಗಳ ವಂಶವೃಕ್ಷ ರೋಸ್ ಅವರು ಸಾಕಿದ ನೊಣಗಳಿಗೇ ಹೋಗಿ ಸೇರುತ್ತದೆ. ಅಮೆರಿಕದಿಂದ ಬಂದ ಈ ನೊಣಗಳು ಜಕ್ಕೂರಿನಲ್ಲಿ ಬಾಳೆಹಣ್ಣು ಬೆಲ್ಲದ ಊಟಕ್ಕೆ ಒಗ್ಗಿಕೊಂಡವು. ಇಲ್ಲಿ ನಡೆದ ಹಲವು ಪ್ರಯೋಗಗಳು ರೋಸ್ ಪ್ರಯೋಗದ ತಿರುವುಮುರುವು. ಎಲ್ಲರಿಗಿಂತ ಬೇಗ ಬೆಳೆದು ಕೋಶದಿಂದ ಮೊದಲು ಹೊರಬಂದ ನೊಣಗಳನ್ನು ಮಾತ್ರ ಆರಿಸಿ, ತಲೆಮಾರಿನ ಮೇಲೆ ತಲೆಮಾರು ಸಾಕಿದರು. ಹೀಗೆ ಅವಸರದ ನೊಣಗಳ ವಂಶಗಳೇ ತಯಾರಾದವು.

ಈ ಅವಸರಕ್ಕೆ ಬೆಲೆ ತೆರಬೇಕಾಯಿತು. ಅದೇ ಸಂಸ್ಥೆಯ ಪಂಕಜ್ ಯಾದವ್ ಮತ್ತು ವಿಜಯಕುಮಾರ್ ಶರ್ಮಾ 2014ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಬೇಗ ಬೆಳೆಯುವ ನೊಣಗಳ ದೇಹ ಚಿಕ್ಕದಾಗಿತ್ತು, ಒಟ್ಟು ಮೊಟ್ಟೆಗಳು ಕಡಿಮೆಯಾಗಿದ್ದವು, ಆಯುಷ್ಯವೂ ಮೊಟಕಾಗಿತ್ತು. ಆದರೆ ದೇಹದ ತೂಕಕ್ಕೆ ಹೋಲಿಸಿ ಲೆಕ್ಕ ಹಾಕಿದರೆ ಅವು ಇಡುತ್ತಿದ್ದ ಮೊಟ್ಟೆ ಹೆಚ್ಚೇ. ಎಂದರೆ ಇದ್ದ ಶಕ್ತಿಯನ್ನು ಸಂತಾನಕ್ಕೆ ಸುರಿದು, ತಮ್ಮ ದೇಹದ ರಿಪೇರಿಗೆ ಏನೂ ಉಳಿಸಿಕೊಳ್ಳದೆ ಹೋದಂತೆ ಕಾಣುತ್ತದೆ.

ಹಗೇವಿನ ಲೆಕ್ಕ

ಇದನ್ನು ಅರ್ಥಮಾಡಿಕೊಳ್ಳಲು ರೈತನ ಮನೆಯ ಲೆಕ್ಕವೇ ಸಾಕು. ಹಿಂದೆ ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುತ್ತಿದ್ದರು. ಆ ವರ್ಷ 20 ಮೂಟೆ ರಾಗಿ ಬಂದಿದೆ ಎನ್ನಿ. ಅದರಲ್ಲೇ ವರ್ಷದ ಊಟವಾಗಬೇಕು, ಬಿತ್ತನೆಗೆ ಉಳಿಯಬೇಕು, ಒಂದಷ್ಟನ್ನು ಮಾರಿ ಸೂರಿನ ಹೆಂಚು ಕೈಯಾಡಿಸಬೇಕು. ಬಿತ್ತನೆಗೇ ಹೆಚ್ಚು ತೆಗೆದರೆ ಸೂರು ಸೋರುತ್ತದೆ. ಸೂರಿಗೇ ಸುರಿದರೆ ಹೊಲ ಬೀಳಾಗುತ್ತದೆ.

ಜೀವಿಯ ದೇಹವೂ ಹೀಗೆಯೇ ಎಂದು ಬ್ರಿಟನ್ನಿನ ಥಾಮಸ್ ಕರ್ಕ್‌ವುಡ್ 1977ರಲ್ಲಿ ಸೂಚಿಸಿದರು. ತಿಂದ ಆಹಾರದಿಂದ ಬರುವ ಶಕ್ತಿಗೆ ಮಿತಿಯಿದೆ. ಅದನ್ನು ಬೆಳವಣಿಗೆ, ಸಂತಾನ, ದೇಹದ ದುರಸ್ತಿ ಇವುಗಳ ನಡುವೆ ಹಂಚಬೇಕು. ಕಾಡಿನಲ್ಲಿರುವ ಇಲಿ ಗೂಬೆಗೋ ಹಾವಿಗೋ ಇಂದಲ್ಲ ನಾಳೆ ತುತ್ತಾಗುವಂಥದ್ದು. ನಾಲ್ಕು ವರ್ಷ ಬಾಳುವಂಥ ಗಟ್ಟಿ ದೇಹ ಕಟ್ಟಿಕೊಳ್ಳುವುದಕ್ಕಿಂತ ಬೇಗ ಮರಿ ಹಾಕುವುದೇ ಅದಕ್ಕೆ ಲಾಭ. ಆದ್ದರಿಂದ ದುರಸ್ತಿಯ ಬಾಬ್ತಿನಲ್ಲಿ ಪ್ರಕೃತಿ ಕೈ ಬಿಗಿಹಿಡಿಯುತ್ತದೆ. ಉಳಿದುಹೋದ ಸಣ್ಣ ಸಣ್ಣ ದುರಸ್ತಿಗಳ ಮೊತ್ತವೇ ಮುಪ್ಪು.

ಆಯುಷ್ಯ ಹೆಚ್ಚಿಸಿದ ಪ್ರಸಿದ್ಧ ಪ್ರಯೋಗಗಳನ್ನೆಲ್ಲ ಈ ಲೆಕ್ಕದ ಕಣ್ಣಿನಿಂದ ನೋಡಬಹುದು. 1935ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಕ್ಲೈವ್ ಮೆಕೇ ಮತ್ತು ಸಂಗಡಿಗರು ಇಲಿಗಳಿಗೆ ಜೀವಸತ್ವ, ಲವಣಗಳಲ್ಲಿ ಕೊರತೆ ಮಾಡದೆ ಒಟ್ಟು ಆಹಾರವನ್ನು ಮಾತ್ರ ಕಡಿಮೆ ಕೊಟ್ಟರು. ಹೊಟ್ಟೆ ತುಂಬ ತಿಂದ ಇಲಿಗಳಿಗಿಂತ ಅವು ಹೆಚ್ಚು ಕಾಲ ಬದುಕಿದವು. ಆದರೆ ಅವುಗಳ ಬೆಳವಣಿಗೆ ಕುಂಠಿತವಾಯಿತು.

1993ರಲ್ಲಿ ಸಿಂಥಿಯಾ ಕೆನ್ಯನ್ ಅವರ ತಂಡ ಒಂದು ಮಿಲಿಮೀಟರ್ ಉದ್ದದ ದುಂಡುಹುಳುವಿನಲ್ಲಿ ಒಂದೇ ಒಂದು ವಂಶವಾಹಿ ಬದಲಾದರೆ ಆಯುಷ್ಯ ಇಮ್ಮಡಿಗಿಂತ ಹೆಚ್ಚಾಗುವುದನ್ನು ಕಂಡಿತು. ಜಗತ್ತೇ ಬೆರಗಾಯಿತು. ಆದರೆ 2004ರಲ್ಲಿ ಬೇರೆ ವಿಜ್ಞಾನಿಗಳು ಇಂಥ ದೀರ್ಘಾಯುಷಿ ಹುಳುಗಳನ್ನು ಸಾಮಾನ್ಯ ಹುಳುಗಳ ಜೊತೆ ಒಂದೇ ಕಡೆ ಬಿಟ್ಟು ನೋಡಿದರು. ನಾಲ್ಕೇ ತಲೆಮಾರಿನಲ್ಲಿ ದೀರ್ಘಾಯುಷಿಗಳ ವಂಶ ಅಳಿದುಹೋಯಿತು! ಇನ್ನು ಸುಂಡಿಲಿಗಳಲ್ಲಿ ದಾಖಲೆ ಮಾಡಿದ್ದು ಅಮೆರಿಕದ ಆಂಡ್ರೆ ಬಾರ್ಟ್‌ಕೆ ಅವರ ಪ್ರಯೋಗಶಾಲೆಯಲ್ಲಿದ್ದ ಒಂದು ಇಲಿ. ಐದು ವರ್ಷ ತುಂಬಲು ಒಂದು ವಾರ ಇರುವಾಗ, 2003ರಲ್ಲಿ ಅದು ಸತ್ತಿತು. ಸಾಮಾನ್ಯ ಸುಂಡಿಲಿಯ ಆಯುಷ್ಯದ ಸುಮಾರು ಎರಡರಷ್ಟು. ಬೆಳವಣಿಗೆಯ ಹಾರ್ಮೋನಿಗೆ ಸ್ಪಂದಿಸಲಾರದ ಅದು ಕುಬ್ಜ ಇಲಿಯಾಗಿತ್ತು.

ಎಲ್ಲ ಪ್ರಯೋಗಗಳಲ್ಲೂ ಬೆಲೆ ಮೊದಲ ನೋಟಕ್ಕೇ ಕಾಣುವುದಿಲ್ಲ. ಆದ್ದರಿಂದಲೇ ಅದನ್ನು ಹುಡುಕಬೇಕು.

ಇಲ್ಲಿ ತಂದೆತಾಯಿಗಳಿಗೆ ಒಂದು ಮಾತು. ಮೆಕೇ ಅವರ ಇಲಿಗಳ ಕಥೆ ಕೇಳಿ ಬೆಳೆಯುವ ಮಕ್ಕಳ ಊಟಕ್ಕೆ ಕತ್ತರಿ ಹಾಕಬಾರದು. ಬೆಳವಣಿಗೆ ಕುಂಠಿತವಾದದ್ದೇ ಆ ಇಲಿಗಳು ತೆತ್ತ ಬೆಲೆ. ಮಕ್ಕಳಿಗೆ ಮುದ್ದೆ, ಸಾರು, ಬೇಳೆಕಾಳು, ಹಾಲು, ಮೊಟ್ಟೆ, ಹಣ್ಣು ಹೊಟ್ಟೆತುಂಬ ಬೇಕು.

ಮಣ್ಣಿನಿಂದ ಬಂದ ಔಷಧಿ

ಹಾಗಾದರೆ ಆಯುಷ್ಯ ಹೆಚ್ಚಿಸುವ ಔಷಧಿಯೇ ಇಲ್ಲವೆ? ಇಲಿಗಳ ಮಟ್ಟಿಗೆ ಇದೆ. 1964ರಲ್ಲಿ ಕೆನಡಾದ ತಂಡವೊಂದು ಪೆಸಿಫಿಕ್ ಸಾಗರದ ನಡುವಿನ ಈಸ್ಟರ್ ದ್ವೀಪದಿಂದ ಮಣ್ಣಿನ ಮಾದರಿಗಳನ್ನು ತಂದಿತು. ಆ ಮಣ್ಣಿನ ಬ್ಯಾಕ್ಟೀರಿಯಾದಿಂದ ಒಂದು ರಾಸಾಯನಿಕವನ್ನು ಬೇರ್ಪಡಿಸಿದವರಲ್ಲಿ ಪ್ರಮುಖರು ಬನಾರಸ್ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಓದಿದ ಸುರೇಂದ್ರನಾಥ ಸೆಹಗಲ್. ದ್ವೀಪದ ಸ್ಥಳೀಯ ಹೆಸರು ರಾಪಾ ನುಯಿ. ಅದರಿಂದ ರಾಪಾಮೈಸಿನ್ ಎಂಬ ಹೆಸರು ಬಂತು. 1980ರ ದಶಕದಲ್ಲಿ ಕಂಪನಿ ಆ ಕೆಲಸವನ್ನು ನಿಲ್ಲಿಸಿದಾಗ ಸೆಹಗಲ್ ಆ ಬ್ಯಾಕ್ಟೀರಿಯಾವನ್ನು ತಮ್ಮ ಮನೆಯ ಫ್ರೀಜರಿನಲ್ಲಿ ಕಾಪಾಡಿಟ್ಟು, ಅವಕಾಶ ಸಿಕ್ಕಾಗ ಮತ್ತೆ ಕೆಲಸ ಮುಂದುವರಿಸಿದರು. 1999ರಲ್ಲಿ ಅದು ಮೂತ್ರಪಿಂಡ ಕಸಿಯಾದ ರೋಗಿಗಳಿಗೆ ಕೊಡುವ ಔಷಧಿಯಾಗಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಸೆಹಗಲ್ 2003ರಲ್ಲಿ ತೀರಿಕೊಂಡರು.

2009ರಲ್ಲಿ ಅಮೆರಿಕದ ಮೂರು ಪ್ರಯೋಗಶಾಲೆಗಳು ಒಟ್ಟಾಗಿ ಒಂದು ಫಲಿತಾಂಶ ಪ್ರಕಟಿಸಿದವು. 600 ದಿನ ವಯಸ್ಸಾದ, ಎಂದರೆ ಮನುಷ್ಯನ ಲೆಕ್ಕದಲ್ಲಿ ಅರವತ್ತರ ಆಸುಪಾಸಿನ ಸುಂಡಿಲಿಗಳಿಗೆ ರಾಪಾಮೈಸಿನ್ ಕೊಟ್ಟರೂ ಆಯುಷ್ಯ ಹೆಚ್ಚಿತು. ನೂರರಲ್ಲಿ 90 ಇಲಿಗಳು ಸಾಯುವ ವಯಸ್ಸನ್ನು ಲೆಕ್ಕ ಹಾಕಿದರೆ ಹೆಣ್ಣಿಲಿಗಳಲ್ಲಿ ಶೇಕಡಾ 14, ಗಂಡಿಲಿಗಳಲ್ಲಿ ಶೇಕಡಾ 9ರಷ್ಟು ಏರಿಕೆ. ಇದು ದೊಡ್ಡ ಸಾಧನೆಯೇ. ಆದರೆ ಕಸಿಯಾದ ರೋಗಿಗಳಿಗೆ ಈ ಔಷಧಿ ಕೊಡುವುದು ಏಕೆ? ದೇಹದ ರೋಗನಿರೋಧ ಶಕ್ತಿಯನ್ನು ತಗ್ಗಿಸಲು. ಧೂಳು, ಸೋಂಕು ಇಲ್ಲದ ಪಂಜರದ ಇಲಿಗೆ ಅದು ದೊಡ್ಡ ತೊಂದರೆಯಲ್ಲದಿರಬಹುದು. ಕೊಟ್ಟಿಗೆ, ಗದ್ದೆ, ಸಂತೆಗಳಲ್ಲಿ ಓಡಾಡುವ ಮನುಷ್ಯನ ಮಾತು ಬೇರೆ.

ಆರಿಸಿನದ ಪರೀಕ್ಷೆ

ಈಗ ತಾತನ ಡಬ್ಬಕ್ಕೆ ಬರೋಣ. ಇಂಥ ಡಬ್ಬಗಳ ಮೇಲೆ ಆರಿಸಿನ, ಲೋಳೆಸರ, ದ್ರಾಕ್ಷಿಯ ಸತ್ವ ಎಂದೆಲ್ಲ ಬರೆದಿರುವುದುಂಟು. ಇದು ಪೂರ್ತಿ ಸುಳ್ಳೆ? ಅಲ್ಲ. 2011ರಲ್ಲಿ ಭಾರತದ ವಿಜ್ಞಾನಿಗಳಾದ ಕೆ. ಟಿ. ಚಂದ್ರಶೇಖರ ಮತ್ತು ಎಂ. ಎನ್. ಶಕರದ್ ಹಣ್ಣುನೊಣದ ಮರಿಹುಳುಗಳ ಆಹಾರದಲ್ಲಿ ಲೋಳೆಸರವನ್ನು, ಇಲ್ಲವೆ ದ್ರಾಕ್ಷಿಯಲ್ಲಿರುವ ರೆಸ್ವೆರಟ್ರಾಲ್ ಎಂಬ ವಸ್ತುವನ್ನು ಬೆರೆಸಿದಾಗ, ಮುಂದೆ ಅವು ನೊಣಗಳಾದ ಮೇಲೆ ಮುಪ್ಪು ತಡವಾಗಿ ಬಂದುದನ್ನು ವರದಿ ಮಾಡಿದರು. ಆರಿಸಿನದ ಕರ್ಕ್ಯುಮಿನ್‌ನಿಂದ ನೊಣಗಳ ಆಯುಷ್ಯ ಹೆಚ್ಚಿದ ವರದಿಗಳೂ ಇವೆ.

ಆದರೆ ರಾಪಾಮೈಸಿನ್ ಪರೀಕ್ಷಿಸಿದ ಅದೇ ಮೂರು ಪ್ರಯೋಗಶಾಲೆಗಳು ಕರ್ಕ್ಯುಮಿನ್, ರೆಸ್ವೆರಟ್ರಾಲ್, ಹಸಿರು ಚಹದ ಸಾರ ಇವನ್ನೂ ಸುಂಡಿಲಿಗಳಿಗೆ ಕೊಟ್ಟು ನೋಡಿದವು. 2013ರಲ್ಲಿ ಫಲಿತಾಂಶ ಪ್ರಕಟವಾಯಿತು. ಯಾವುದರಿಂದಲೂ ಆಯುಷ್ಯ ಹೆಚ್ಚಲಿಲ್ಲ. ನೊಣದಿಂದ ಇಲಿಗೇ ದಾಟದ ಗುಣ ಮನುಷ್ಯನಿಗೆ ದಾಟುತ್ತದೆಂದು ಹೇಗೆ ಹೇಳುವುದು? ಸಾರಿಗೆ ಆರಿಸಿನ ಹಾಕಿ, ತಪ್ಪಿಲ್ಲ. ಆಯುಷ್ಯದ ಲೆಕ್ಕದಲ್ಲಿ ಅದನ್ನು ಡಬ್ಬ ಡಬ್ಬವಾಗಿ ಕೊಳ್ಳುವ ಮೊದಲು ಮಾತ್ರ ಯೋಚಿಸಿ.

ಹೋಲಿಕೆಯ ಗುಂಪು ಸರಿಯಿಲ್ಲದಿದ್ದರೆ ವಿಜ್ಞಾನಿಗಳೂ ಗೊಂದಲಕ್ಕೆ ಬೀಳುತ್ತಾರೆ. ಅಮೆರಿಕದ ಎರಡು ಸಂಸ್ಥೆಗಳು 1980ರ ದಶಕದ ಕೊನೆಯಲ್ಲಿ ರೀಸಸ್ ಕೋತಿಗಳಿಗೆ ಮಿತಾಹಾರ ಕೊಡುವ ಪ್ರಯೋಗ ಆರಂಭಿಸಿದವು. 2009ರಲ್ಲಿ ವಿಸ್ಕಾನ್ಸಿನ್ ತಂಡ ಮಿತಾಹಾರದಿಂದ ಕೋತಿಗಳು ಹೆಚ್ಚು ಬದುಕಿದವು ಎಂದಿತು. 2012ರಲ್ಲಿ ರಾಷ್ಟ್ರೀಯ ಮುಪ್ಪಿನ ಅಧ್ಯಯನ ಸಂಸ್ಥೆಯ ತಂಡ ಆಯುಷ್ಯದಲ್ಲಿ ಅಂಥ ಲಾಭವಿಲ್ಲ ಎಂದಿತು. ಎರಡೂ ತಂಡಗಳು ಜೊತೆಗೂಡಿ ಕಾರಣ ಹುಡುಕಿ 2017ರಲ್ಲಿ ಪ್ರಕಟಿಸಿದವು. ಕಾರಣಗಳಲ್ಲೊಂದು ಸಕ್ಕರೆ. ವಿಸ್ಕಾನ್ಸಿನ್ನಿನ ಕೋತಿಗಳ ಆಹಾರದಲ್ಲಿ ನೂರಕ್ಕೆ ಸುಮಾರು 28 ಪಾಲು ಸಕ್ಕರೆ, ಇನ್ನೊಂದು ಕಡೆ ಸುಮಾರು 4 ಪಾಲು. ಸಿಹಿ ತಿಂದು ಕೊಬ್ಬಿದ ಕೋತಿಯ ಪಕ್ಕದಲ್ಲಿ ಮಿತವಾಗಿ ತಿಂದ ಕೋತಿ ಗೆಲ್ಲುವುದು ಸಹಜವಲ್ಲವೆ?

ಸರಾಸರಿಯ ಮಾಯೆ

ವಿದ್ಯಾರ್ಥಿಗಳು ಈಗ ಪೆನ್ಸಿಲು ಹಿಡಿಯಲಿ. ಐದು ಇಲಿಗಳು ಕ್ರಮವಾಗಿ 6, 24, 24, 30, 36 ತಿಂಗಳು ಬದುಕಿದವು. ಮೊತ್ತ 120, ಸರಾಸರಿ 24. ಮೊದಲನೆಯ ಇಲಿ ಸೋಂಕಿನಿಂದ ಸತ್ತಿತ್ತು. ಅದನ್ನು ಉಳಿಸಿಕೊಂಡಿದ್ದರೆ 26 ತಿಂಗಳು ಬದುಕುತ್ತಿತ್ತು ಎನ್ನಿ. ಆಗ ಮೊತ್ತ 140, ಸರಾಸರಿ 28. ಸರಾಸರಿ ಏರಿತು, ಆದರೆ ಗರಿಷ್ಠ ಆಯುಷ್ಯ 36 ತಿಂಗಳಾಗಿಯೇ ಉಳಿಯಿತು. ಮುಪ್ಪು ನಿಧಾನವಾಯಿತು ಎನ್ನಲು ಸರಾಸರಿಯೊಂದೇ ಸಾಲದು.

ಭಾರತದಲ್ಲಿ ಆದದ್ದೂ ಬಹುಪಾಲು ಇದೇ. 1950ರ ಸುಮಾರಿಗೆ ನಮ್ಮ ದೇಶದಲ್ಲಿ ಹುಟ್ಟಿದ ಮಗುವಿನ ಸರಾಸರಿ ಆಯುಷ್ಯ 32 ವರ್ಷದ ಆಸುಪಾಸು, ಈಗ 70ರ ಆಸುಪಾಸು. ಹಾಗೆಂದು ಆಗಿನವರೆಲ್ಲ 32ಕ್ಕೇ ಮುದುಕರಾಗಿ ಸಾಯುತ್ತಿರಲಿಲ್ಲ. ತೊಟ್ಟಿಲಲ್ಲೇ ಹೋಗುತ್ತಿದ್ದ ಕೂಸುಗಳು, ಹೆರಿಗೆಯಲ್ಲಿ ಹೋಗುತ್ತಿದ್ದ ತಾಯಂದಿರು ಸರಾಸರಿಯನ್ನು ಕೆಳಗೆ ಎಳೆಯುತ್ತಿದ್ದರು. ಸಿಡುಬು 1975ರಲ್ಲಿ ದೇಶ ಬಿಟ್ಟಿತು. 2014ರಲ್ಲಿ ಪೋಲಿಯೊ ಮುಕ್ತವೆಂಬ ಪ್ರಮಾಣಪತ್ರ ಸಿಕ್ಕಿತು. ಲಸಿಕೆ, ಶುದ್ಧ ನೀರು, ಆಸ್ಪತ್ರೆಯ ಹೆರಿಗೆ, ಭೇದಿಗೆ ಉಪ್ಪು ಸಕ್ಕರೆಯ ನೀರು, ಹೊಟ್ಟೆಗೆ ಅನ್ನ. ಆಯುಷ್ಯ ಇಮ್ಮಡಿ ಮಾಡಿದ್ದು ಇವು. ಇವುಗಳಿಗೆ ಥಳಕಿನ ಡಬ್ಬವಿರಲಿಲ್ಲ.

ಮುಪ್ಪನ್ನೇ ಅರಿಯುವ ಕೆಲಸವೂ ಮುಂದುವರಿದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2024ರಲ್ಲಿ ‘ಲಾಂಜೆವಿಟಿ ಇಂಡಿಯಾ’ ಎಂಬ ಯೋಜನೆಯನ್ನು ಆರಂಭಿಸಿತು. ಬರಿಯ ವರ್ಷಗಳ ಲೆಕ್ಕವಲ್ಲ, ಆರೋಗ್ಯವಾಗಿ ಕಳೆಯುವ ವರ್ಷಗಳನ್ನು ಹೆಚ್ಚಿಸುವುದು ಹೇಗೆ ಎಂಬುದು ಅದರ ಗುರಿ.

ಮೊಮ್ಮಗಳ ಆರು ಪ್ರಶ್ನೆಗಳು

ನಮ್ಮ ಹಳ್ಳಿಮೈಸೂರಿನ ಹುಡುಗಿ ಇಷ್ಟನ್ನೂ ತಿಳಿದುಕೊಂಡು ನೋಟ್‌ಬುಕ್ಕಿನಲ್ಲಿ ಆರು ಪ್ರಶ್ನೆ ಬರೆದಳು. ಯಾವ ಪ್ರಾಣಿ? ಎಷ್ಟು ಪ್ರಾಣಿ, ಹೋಲಿಕೆಯ ಗುಂಪಿಗೆ ಏನು ಕೊಟ್ಟಿದ್ದರು? ಯಾವ ವಯಸ್ಸಿನಲ್ಲಿ ಶುರುಮಾಡಿದರು? ಏರಿದ್ದು ಸರಾಸರಿಯೋ ಗರಿಷ್ಠವೋ? ಅದಕ್ಕೆ ತೆತ್ತ ಬೆಲೆ ಏನು? ಬೇರೆ ಪ್ರಯೋಗಶಾಲೆಯಲ್ಲೂ ಅದೇ ಫಲಿತಾಂಶ ಬಂತೆ?

ಡಬ್ಬವನ್ನು ತಿರುಗಿಸಿ ತಿರುಗಿಸಿ ನೋಡಿದರೂ ಒಂದಕ್ಕೂ ಅದರ ಮೇಲೆ ಉತ್ತರವಿರಲಿಲ್ಲ. ಗೂಡಿನಲ್ಲಿದ್ದ ಮಾತ್ರೆಯ ವಿಷಯ ಹಾಗಲ್ಲ. ರಕ್ತದೊತ್ತಡ ಇಳಿಸಿದರೆ ಲಕ್ವ, ಹೃದಯಾಘಾತಗಳು ಕಡಿಮೆಯಾಗುತ್ತವೆ ಎಂಬುದನ್ನು ಹಲವು ದೇಶಗಳಲ್ಲಿ ಸಾವಿರಾರು ಮನುಷ್ಯರ ಮೇಲೆ ಪರೀಕ್ಷಿಸಿ ನೋಡಿದ್ದಾರೆ. ಅವರಲ್ಲಿ ತಾತನ ವಯಸ್ಸಿನವರೂ ಇದ್ದರು.

“ಪುಡಿ ನೊಣ, ಇಲಿಗೆ ನೋಡಿದ್ದು ತಾತ. ಮಾತ್ರೆ ನಿಮ್ಮಂಥೋರಿಗೇ ನೋಡಿದ್ದು” ಎಂದಳು.

ತಾತ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಒಂದ್ ಲೋಟ ನೀರ್ ತತ್ತಾ ಮಗ” ಎಂದರು.

ಮಾಡಿ ನೋಡಿ: ಎರಡು ಗಾಜಿನ ಸೀಸೆಗಳಲ್ಲಿ ಕಳಿತ ಬಾಳೆಹಣ್ಣಿನ ಚೂರು ಹಾಕಿ ಬಾಯಿ ತೆರೆದಿಡಿ. ಹಣ್ಣುನೊಣಗಳು ಬಂದು ಕುಳಿತ ಮೇಲೆ ಬಾಯಿಗೆ ತೆಳ್ಳನೆಯ ಬಟ್ಟೆ ಕಟ್ಟಿ. ಎರಡು ದಿನ ಬಿಟ್ಟು ದೊಡ್ಡ ನೊಣಗಳನ್ನು ಹಾರಿಸಿ ಮತ್ತೆ ಬಟ್ಟೆ ಕಟ್ಟಿ. ಒಂದು ಸೀಸೆಯನ್ನು ಅಡುಗೆಮನೆಯಲ್ಲಿಡಿ. ಇನ್ನೊಂದನ್ನು ನೆರಳಿನಲ್ಲಿ, ಒದ್ದೆ ಮರಳು ತುಂಬಿದ ಮಡಕೆಯ ತಂಪಿನಲ್ಲಿಡಿ. ಯಾವುದರಲ್ಲಿ ಮರಿಹುಳು, ಕೋಶ, ಹೊಸ ನೊಣ ಮೊದಲು ಕಾಣುತ್ತವೆ? ದಿನಾಂಕ ಹಾಕಿ ಬರೆದಿಡಿ. ಎರಡು ಸೀಸೆಗಳ ನಡುವೆ ಉಷ್ಣತೆ ಬಿಟ್ಟು ಬೇರಾವ ವ್ಯತ್ಯಾಸವೂ ಇರದಂತೆ ನೋಡಿಕೊಳ್ಳಿ. ಪ್ರಯೋಗದ ಜೀವ ಇರುವುದು ಅಲ್ಲೇ.